1977ರ ಎಫ್‌ಜೆ40ಗೆ ಇಂಜೆಕ್ಷನ್ ಕಿಟ್: ಪರದೆಯಲ್ಲಿ ಎಲ್ಲವೂ ಸರಿ, ಪ್ಲಗ್ ಮಾತ್ರ ಕರಿ

ಕೆಂಪುಕ್ರೂಸರ್ (ಡೆನ್ವರ್)

ಗಾಡಿ 1977ರ ಟೊಯೊಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ40. ಎಂಜಿನ್ ಅದರದೇ 2ಎಫ್, ಆರು ಸಿಲಿಂಡರ್, 4.2 ಲೀಟರ್. ಕಾರ್ಬುರೇಟರ್ ಇಳಿಸಿ, ಅದೇ ಜಾಗದಲ್ಲಿ ಅಡಾಪ್ಟರ್ ಪ್ಲೇಟಿನ ಮೇಲೆ ಕೂರುವ ಥ್ರಾಟಲ್ ಬಾಡಿ ಇಂಜೆಕ್ಷನ್ ಕಿಟ್ ಹಾಕಿದ್ದೇನೆ. ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಗಾಳಿ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಕೊಳವೆಯ ಒತ್ತಡ ಅಳೆಯುವುದು), ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್, ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಎಲ್ಲವೂ ಥ್ರಾಟಲ್ ಬಾಡಿಯಲ್ಲೇ ಇವೆ. ಸೈಲೆನ್ಸರ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಪಂಪು ಚಾಸಿಯ ಮೇಲೆ, ಒತ್ತಡ 58 ಪಿಎಸ್‌ಐ, ಟ್ಯಾಂಕಿಗೆ ರಿಟರ್ನ್ ಲೈನ್ ಇದೆ. ಡಿಸ್ಟ್ರಿಬ್ಯೂಟರ್ ಹಳೆಯದೇ, ಟೈಮಿಂಗ್ ಫ್ಲೈವೀಲಿನ ಗುಂಡಿನ ಗುರುತಿಗೆ ಸರಿಯಾಗಿ 7 ಡಿಗ್ರಿ. ಇಸಿಯು ಪೆಟ್ರೋಲನ್ನು ಮಾತ್ರ ನೋಡಿಕೊಳ್ಳುತ್ತದೆ, ಕಿಡಿಯನ್ನಲ್ಲ.

ತೊಂದರೆ ಇದು. ಬೆಳಗಿನ ಚಳಿಯಲ್ಲಿ ಒಂದೇ ಸೆಲ್ಫಿಗೆ ಏಳುತ್ತದೆ. ಬಿಸಿಯಾದ ಮೇಲೆ ಐಡ್ಲಿಂಗ್ 600ಕ್ಕೂ 950ಕ್ಕೂ ನಡುವೆ ಏರಿಳಿಯುತ್ತದೆ. ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಆರಕ್ಕೆ ಆರೂ ಒಣ ಮಸಿ ಮೆತ್ತಿಕೊಂಡಿವೆ. ಆದರೆ ಪರದೆ ನೋಡಿದರೆ ನಾನು ಕೇಳಿದ ಗಾಳಿ-ಪೆಟ್ರೋಲ್ ಅನುಪಾತವೇ ಬರುತ್ತಿದೆ. ಬಂಕಿನಲ್ಲಿ ಕಾಲು ಗಂಟೆ ನಿಲ್ಲಿಸಿ ಮತ್ತೆ ಹೊರಟರೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾಗುತ್ತದೆ.

ಬಿಸಿ ಐಡ್ಲಿಂಗಿನಲ್ಲಿ ದಾಖಲಾದ ಅಂಕಿಗಳು: ಗುರಿ 14.0, ಓದು 14.2. ಮ್ಯಾಪ್ 40 ಕಿಲೋಪ್ಯಾಸ್ಕಲ್. ಆಕ್ಸಿಜನ್ ಸೆನ್ಸರ್ ಕೊಡಿಸುತ್ತಿರುವ ತಿದ್ದುಪಡಿ ಶೇ 22 ಹೆಚ್ಚು. ಐಡ್ಲಿಂಗಿಗೆ ಗಾಳಿ ಬಿಡುವ ಐಡಲ್ ವಾಲ್ವ್ ಶೇ 31 ತೆರೆದಿದೆ. ನೀರು 84 ಡಿಗ್ರಿ, ಒಳಬರುವ ಗಾಳಿ 61 ಡಿಗ್ರಿ. ವೋಲ್ಟೇಜ್ 12.9.

ಕಿಟ್ ಮಾರಿದವರ ಉತ್ತರ ಒಂದೇ: ಇನ್ನಷ್ಟು ಓಡಿಸಿ, ಅದೇ ಕಲಿಯುತ್ತದೆ. ಓಡಿಸಿದಷ್ಟೂ ಮಸಿ ಹೆಚ್ಚುತ್ತಿದೆ. ಎಷ್ಟು ಪೆಟ್ರೋಲ್ ಸುರಿಯಬೇಕೆಂದು ಇಸಿಯು ನೋಡಿಕೊಳ್ಳುವ ಕೋಷ್ಟಕಗಳಲ್ಲಿ ಯಾವುದಕ್ಕೆ ಕೈ ಹಾಕಲಿ?

ಐಸಿನ್_ಭಕ್ತ (ಮೈಸೂರು)

ಕಾರ್ಬುರೇಟರಿನ ಕೋಷ್ಟಕಕ್ಕೆ. ಅದರಲ್ಲಿ ಎರಡು ಜೆಟ್, ಒಂದು ಫ್ಲೋಟ್, ಒಂದು ಸ್ಕ್ರೂ. ಆ ಐಸಿನ್ ಕಾರ್ಬುರೇಟರನ್ನು ಬಿಚ್ಚಿ ತೊಳೆದು ಹೊಸ ಡಯಾಫ್ರಾಮ್ ಹಾಕಿದ್ದರೆ ನೀವು ಈ ಹೊತ್ತಿಗೆ ಬೆಟ್ಟದ ಮೇಲಿರುತ್ತಿದ್ದಿರಿ. ಆಫ್ರಿಕದ ಮರಳುಗಾಡನ್ನು ಈ ಗಾಡಿಗಳು ದಾಟಿದ್ದು ಲ್ಯಾಪ್‌ಟಾಪ್ ಹಿಡಿದುಕೊಂಡಲ್ಲ.

ಓಮ್ನಿಯಮ (ಡೆಟ್ರಾಯಿಟ್ ಹತ್ತಿರ)

ಭಕ್ತರೇ, ಅದೇ ಟೊಯೊಟಾ ಎಫ್‌ಜೆ60ರಲ್ಲಿ ಕಾರ್ಬುರೇಟರಿಗೆ ತಂಪು ಗಾಳಿ ಊದಲೆಂದೇ ಒಂದು ಫ್ಯಾನ್ ಇಟ್ಟಿತ್ತು. ಎಂಜಿನ್ ಆರಿಸಿದ ಮೇಲೂ ಅದು ತಿರುಗುತ್ತಿತ್ತು. 1988ರಲ್ಲಿ ಎಫ್‌ಜೆ62 ಬಂದಾಗ ಇದೇ ವಂಶದ ಎಂಜಿನ್ನಿಗೆ ಇಂಜೆಕ್ಷನ್ ಕೊಟ್ಟು 3ಎಫ್-ಇ ಎಂದು ಕರೆಯಿತು. ಕಾರ್ಖಾನೆಯೇ ಬಿಟ್ಟ ಮೇಲೆ ನಮಗೇಕೆ ಆ ಹಟ.

ಕೆಂಪುಕ್ರೂಸರ್ ಅವರೇ, ಯಾವ ಕೋಷ್ಟಕಕ್ಕೂ ಕೈ ಹಾಕಬೇಡಿ. ಮೊದಲು ಕಲಿಕೆಯನ್ನು ನಿಲ್ಲಿಸಿ. ನಿಮ್ಮ ಅಂಕಿಗಳಲ್ಲಿಯೇ ಉತ್ತರ ಅರ್ಧ ಇದೆ.

ವೈಡ್‌ಬ್ಯಾಂಡ್ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ. ತನ್ನ ಮೂಗಿನ ಮುಂದೆ ಹಾದುಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದರಿಂದ ಮಿಶ್ರಣವನ್ನು ಲೆಕ್ಕ ಹಾಕುತ್ತದೆ. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಹೊಗೆ ಸೋರುವ ಸಂದಿ ಇದ್ದರೆ, ಆ ಸಂದಿಯಲ್ಲಿ ಹೊಗೆ ಹೊರಗೆ ಹೋಗುವುದು ಮಾತ್ರವಲ್ಲ. ಎಕ್ಸಾಸ್ಟ್ ಹೊಗೆ ಅಲೆ ಅಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಒತ್ತಡ ಹೊರಗಿನ ಗಾಳಿಗಿಂತ ಕೆಳಗಿಳಿದಾಗ ಅದೇ ಸಂದಿ ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಐಡ್ಲಿಂಗಿನಲ್ಲಿ ಹೊಗೆಯ ಪ್ರಮಾಣವೇ ಕಡಿಮೆ, ಹಾಗಾಗಿ ಆ ಸ್ವಲ್ಪ ಗಾಳಿಯೂ ದೊಡ್ಡದಾಗಿ ಕಾಣುತ್ತದೆ. ಸೆನ್ಸರ್ ಪೆಟ್ರೋಲ್ ಸಾಲದು ಎನ್ನುತ್ತದೆ, ಇಸಿಯು ಸುರಿಯುತ್ತದೆ. ಪರದೆಯಲ್ಲಿ 14.2 ಬರುವವರೆಗೆ ಸುರಿಯುತ್ತದೆ. ಸಿಲಿಂಡರಿನೊಳಗೆ ಆಗ ಬಹುಶಃ 12ಕ್ಕಿಂತ ಕೆಳಗಿರುತ್ತದೆ, ಅಂದರೆ ಪೆಟ್ರೋಲ್ ಅತಿಯಾಗಿರುತ್ತದೆ. ಪ್ಲಗ್ ಕರಿ, ಪರದೆ ಸರಿ: ಇದಕ್ಕೆ ಮೊದಲ ಅನುಮಾನ ಯಾವಾಗಲೂ ಎಕ್ಸಾಸ್ಟ್ ಸೋರಿಕೆ. ಎರಡನೆಯ ಅನುಮಾನ ಕಿಡಿ ತಪ್ಪುವುದು. ಉರಿಯದ ಸಿಲಿಂಡರಿನಿಂದ ಬರುವ ಆಮ್ಲಜನಕವೂ ಸೆನ್ಸರಿನ ಕಣ್ಣಿಗೆ ಹೀಗೆಯೇ ಮಣ್ಣೆರಚುತ್ತದೆ.

ಶೇ 22 ತಿದ್ದುಪಡಿಯನ್ನು ಇಸಿಯು ಕಲಿತ ಪಾಠ ಎಂದು ತಿಳಿಯಬೇಡಿ. ಅದು ದೂರು. ಅದನ್ನು ಕೋಷ್ಟಕಕ್ಕೆ ಬರೆಸಿಕೊಂಡರೆ ದೂರು ಅಳಿಸಿಹೋಗುತ್ತದೆ, ರೋಗ ಉಳಿಯುತ್ತದೆ.

ಲೇತ್_ಕೈ (ಹಾಸನ)

ನನ್ನದೊಂದು ಪ್ರಶ್ನೆ. ವ್ಯಾಕ್ಯೂಮ್ ಗೇಜ್ ಹಾಕಿ ನೋಡಿದ್ದೀರಾ? 2ಎಫ್ ಆರೋಗ್ಯವಾಗಿದ್ದರೆ 17–18 ಇಂಚು (ಪಾದರಸದ ಅಳತೆ) ತೋರಿಸಬೇಕು.

ಕೆಂಪುಕ್ರೂಸರ್

ನೋಡಿದ್ದೇನೆ. 13 ಇಂಚು.

ಲೇತ್_ಕೈ

ಹಾಗಾದರೆ ವಾಲ್ವ್ ಹೋಗಿದೆ, ಇಲ್ಲವೇ ಇನ್‌ಟೇಕ್ ಕಡೆ ದೊಡ್ಡದೊಂದು ಸೋರಿಕೆ ಇದೆ. ಇಂಜೆಕ್ಷನ್ ಬಿಡಿ, ಮೊದಲು ಕಂಪ್ರೆಷನ್ ನೋಡಿಸಿ.

ಓಮ್ನಿಯಮ

ಲೇತ್_ಕೈ ಅವರೇ, ಹಾಸನದ ಲೆಕ್ಕ ಡೆನ್ವರಿಗೆ ಹೊಂದುವುದಿಲ್ಲ. ವ್ಯಾಕ್ಯೂಮ್ ಗೇಜ್ ತೋರಿಸುವುದು ಹೊರಗಿನ ಗಾಳಿಗೂ ಮ್ಯಾನಿಫೋಲ್ಡಿಗೂ ನಡುವಿನ ವ್ಯತ್ಯಾಸವನ್ನು. ಡೆನ್ವರ್ 5,280 ಅಡಿ ಎತ್ತರದಲ್ಲಿದೆ, ಅಲ್ಲಿ ಹೊರಗಿನ ಒತ್ತಡವೇ ಸುಮಾರು 83 ಕಿಲೋಪ್ಯಾಸ್ಕಲ್. ಮ್ಯಾಪ್ 40 ಎಂದಿದ್ದಾರೆ. 83ರಲ್ಲಿ 40 ಕಳೆದರೆ 43, ಅಂದರೆ ಸುಮಾರು 13 ಇಂಚು. ಗೇಜೂ ಮ್ಯಾಪೂ ಒಂದೇ ಮಾತು ಹೇಳುತ್ತಿವೆ. ಪ್ರತಿ ಸಾವಿರ ಅಡಿಗೆ ಒಂದು ಇಂಚು ಕಳೆಯಿರಿ. ಸಮುದ್ರಮಟ್ಟದಲ್ಲಿ ಈ ಎಂಜಿನ್ 18 ತೋರಿಸುತ್ತಿತ್ತು. ವಾಲ್ವ್ ಚೆನ್ನಾಗಿವೆ.

ಇನ್‌ಟೇಕ್ ಸೋರಿಕೆಯ ಲಕ್ಷಣವೂ ಇಲ್ಲಿಲ್ಲ. ಕಾರ್ಬುರೇಟರಿನಲ್ಲಿ ಇನ್‌ಟೇಕ್ ಸೋರಿದರೆ ಪೆಟ್ರೋಲ್ ಸಾಲದೆ ಎಂಜಿನ್ ನಡುಗುತ್ತದೆ. ಮ್ಯಾಪ್ ನೋಡಿ ಲೆಕ್ಕ ಹಾಕುವ ಇಸಿಯುವಿನಲ್ಲಿ ಹಾಗಲ್ಲ. ಕದ್ದು ಬಂದ ಗಾಳಿಯೂ ಮ್ಯಾಪಿನಲ್ಲಿ ಕಾಣಿಸಿಕೊಳ್ಳುತ್ತದೆ, ಅದಕ್ಕೂ ಪೆಟ್ರೋಲ್ ಸಿಗುತ್ತದೆ. ಆದ್ದರಿಂದ ಐಡ್ಲಿಂಗ್ ಏರುತ್ತದೆ, ಏರಿದ್ದನ್ನು ಇಳಿಸಲು ಐಡಲ್ ವಾಲ್ವ್ ಸೊನ್ನೆಗೆ ಬಂದು ಕೂರುತ್ತದೆ. ಇವರದು ಶೇ 31 ತೆರೆದಿದೆ. ಅದಕ್ಕೆ ಕಾರಣ ಥ್ರಾಟಲ್ ತಟ್ಟೆ ಪೂರ್ತಿ ಮುಚ್ಚಿಕೊಂಡಿರುವುದು. ಬಿಸಿ ಎಂಜಿನ್ನಿನಲ್ಲಿ ವಾಲ್ವ್ ಶೇ 3ರಿಂದ 10ರೊಳಗೆ ಬರುವಂತೆ ಥ್ರಾಟಲ್ ಸ್ಕ್ರೂವನ್ನು ಕಾಲು ಕಾಲು ಸುತ್ತು ಒಳಗೆ ತಿರುಗಿಸಿ. ಪ್ರತಿ ಸಲ ಕೀ ಆರಿಸಿ ಹಾಕಿ, ಇಲ್ಲದಿದ್ದರೆ ಥ್ರಾಟಲ್ ಸೆನ್ಸರಿನ ಸೊನ್ನೆ ಹಳೆಯ ಜಾಗದಲ್ಲೇ ಉಳಿದು, ಕಾಲು ಪೆಡಲಿನ ಮೇಲಿದೆ ಎಂದು ಇಸಿಯು ಭಾವಿಸುತ್ತದೆ. ಐಡಲ್ ನಿಯಂತ್ರಣವೇ ಶುರುವಾಗುವುದಿಲ್ಲ.

ಆದರೆ ಅದು ಆಮೇಲಿನ ಮಾತು. ಮೊದಲು ಸೋರಿಕೆ ಹುಡುಕಿ.

ಲೇತ್_ಕೈ

ಸರಿ, ಎತ್ತರದ ಲೆಕ್ಕ ಒಪ್ಪಿದೆ. ಎಕ್ಸಾಸ್ಟ್ ಸೋರಿಕೆ ಎಂದಾದರೆ 2ಎಫ್‌ನಲ್ಲಿ ಎಲ್ಲಿ ನೋಡಬೇಕೆಂದು ನಾನು ಹೇಳಬಲ್ಲೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳು ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಎರಡಕ್ಕೂ ಸೇರಿ ಒಂದೇ ಪ್ಯಾಕಿಂಗ್. ಸಾಲದ್ದಕ್ಕೆ ಕಾರ್ಬುರೇಟರಿನ ಕೆಳಗೆ ಅವೆರಡೂ ಪರಸ್ಪರ ಬೋಲ್ಟಿನಿಂದ ಬಿಗಿದುಕೊಂಡಿವೆ. ಒಂದು ಕೆಂಪಗೆ ಕಾಯುತ್ತದೆ, ಇನ್ನೊಂದು ತಣ್ಣಗಿರುತ್ತದೆ. ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ತುದಿಗಳು ಹೆಡ್ಡಿನಿಂದ ಬಾಗಿ ನಿಲ್ಲುತ್ತವೆ. ಕಾರ್ಬುರೇಟರ್ ಇದ್ದಾಗ ಬೆಳಿಗ್ಗೆ ಟಿಕ್ ಟಿಕ್ ಎನ್ನುತ್ತಿತ್ತೇ?

ಕೆಂಪುಕ್ರೂಸರ್

ಎನ್ನುತ್ತಿತ್ತು. ಟ್ಯಾಪೆಟ್ ಸದ್ದು ಎಂದು ಹಿಂದಿನ ಮಾಲೀಕರು ಹೇಳಿದ್ದರು.

ಮಲೆನಾಡ_ಹರಿಕೇನ್ (ಸಕಲೇಶಪುರ)

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ತೋಟದಲ್ಲಿ ಸಿಜೆ3ಬಿ ಜೀಪು ಇದೆ, ಹರಿಕೇನ್ ಎಫ್-134 ಎಂಜಿನ್, 2.2 ಲೀಟರ್ ಪೆಟ್ರೋಲ್. ಇದರಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಇನ್‌ಟೇಕ್ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಎರಕವಾಗಿದೆ, ಹಾಗಾಗಿ ನಿಮ್ಮ ಹಾಗೆ ಜೋಡಿ ಪ್ಯಾಕಿಂಗಿನ ಕಾಟ ಇಲ್ಲ. ಸ್ಪೀಡುಯಿನೋ ಇಸಿಯು ಕೂರಿಸುತ್ತಿದ್ದೇನೆ. ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ನಡೆಯುವ ಮುಕ್ತ ತಂತ್ರಾಂಶ, ಲ್ಯಾಪ್‌ಟಾಪಿನಲ್ಲಿ ಟ್ಯೂನರ್‌ಸ್ಟುಡಿಯೋ. ಎಂಜಿನ್ ತಿರುಗುವುದನ್ನು ಇಸಿಯು ಎಣಿಸಲೆಂದು ಪುಲ್ಲಿಗೆ 36 ಹಲ್ಲಿನಲ್ಲಿ ಒಂದು ತೆಗೆದ ಚಕ್ರ ಕಟ್ಟಿಸಿದ್ದೇನೆ. ಮೊದಲು ಡಿಸ್ಟ್ರಿಬ್ಯೂಟರಿನ ಪಾಯಿಂಟಿನಿಂದ ಆರ್‌ಪಿಎಂ ತೆಗೆದುಕೊಂಡಾಗ ಪರದೆಯಲ್ಲಿ 800ರಿಂದ ಏಕಾಏಕಿ 6,000ಕ್ಕೆ ಹಾರುತ್ತಿತ್ತು. ಈ ಎಂಜಿನ್ ಜನ್ಮದಲ್ಲಿ 6,000 ನೋಡಿಲ್ಲ.

ನನ್ನ ಪ್ರಶ್ನೆ: ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಗುರಿಯನ್ನು 14.7 ಎಂದು ಇಡುವುದೇ, 13.5 ಎಂದು ಇಡುವುದೇ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಓಮ್ನಿಯಮ

ಒಳ್ಳೆಯ ಪ್ರಶ್ನೆ. ಅನುಪಾತದ ಅಂಕಿಯನ್ನು ಮರೆತು ಲ್ಯಾಂಬ್ಡಾದಲ್ಲಿ, ಅಂದರೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಇದೆ ಎಂಬ ಲೆಕ್ಕದಲ್ಲಿ, ಯೋಚಿಸಿ. ಅಪ್ಪಟ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಟ್ಟು ಗಾಳಿ ಬೇಕು. ಎಥನಾಲಿಗೆ 9 ಪಟ್ಟು ಸಾಕು, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಶೇ 10 ಬೆರೆತರೆ ಸುಮಾರು 14.1, ಶೇ 20 ಬೆರೆತರೆ ಸುಮಾರು 13.5. ಆದರೆ ಸೆನ್ಸರಿಗೆ ನೀವು ಯಾವ ಇಂಧನ ಹಾಕಿದ್ದೀರಿ ಎಂದು ಗೊತ್ತಿಲ್ಲ. ಆಮ್ಲಜನಕ ಸರಿಸಮ ಮುಗಿದರೆ ಅದರ ಪಾಲಿಗೆ ಲ್ಯಾಂಬ್ಡಾ 1. ಗೇಜು ಪೆಟ್ರೋಲ್ ಮಾಪಕದಲ್ಲಿದ್ದರೆ ಆ 1 ಅನ್ನು 14.7 ಎಂದೇ ಬರೆದು ತೋರಿಸುತ್ತದೆ, ಟ್ಯಾಂಕಿನಲ್ಲಿ ಏನೇ ಇರಲಿ. ನೀವು ಗುರಿಯನ್ನು 13.5 ಎಂದು ಇಟ್ಟರೆ ಆ ಮಾಪಕದಲ್ಲಿ ಅದು ಲ್ಯಾಂಬ್ಡಾ 0.92 ಆಗುತ್ತದೆ, ಸುಮ್ಮನೆ ಪೆಟ್ರೋಲ್ ದಂಡ.

ಗುರಿಯನ್ನು ಮುಟ್ಟಬೇಡಿ. ಬದಲಾಗಬೇಕಾದ್ದು ಸುರಿಯುವ ಪ್ರಮಾಣ. ಅಪ್ಪಟ ಪೆಟ್ರೋಲಿಗೆ ಮಾಡಿದ ಕೋಷ್ಟಕ ಇದ್ದರೆ ಸುಮಾರು ಶೇ 8 ಹೆಚ್ಚಿಸಿಕೊಂಡು ಶುರುಮಾಡಿ. ಹಳೆಯ ಕಾರ್ಬುರೇಟರ್ ಗಾಡಿಗಳು ಈ ಪೆಟ್ರೋಲಿಗೆ ಮುನಿಸಿಕೊಳ್ಳುವುದೂ ಇದಕ್ಕೇ. ಜೆಟ್ಟಿನ ತೂತು ತಾನಾಗಿ ದೊಡ್ಡದಾಗುವುದಿಲ್ಲ.

ಇಂಜೆಕ್ಟರ್ ಆರಿಸಿದ್ದೀರಾ? ಹರಿಕೇನ್ 75 ಅಶ್ವಶಕ್ತಿ. ಒಂದು ಅಶ್ವಶಕ್ತಿಗೆ ಗಂಟೆಗೆ ಅರ್ಧ ಪೌಂಡ್ ಎಂದರೆ 37.5 ಪೌಂಡ್. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, ಆದ್ದರಿಂದ ಒಟ್ಟು 47 ಪೌಂಡ್, ನಿಮಿಷಕ್ಕೆ ಹೆಚ್ಚುಕಡಿಮೆ 490 ಸಿಸಿ. ಎಥನಾಲಿಗೆ ಸ್ವಲ್ಪ ಸೇರಿಸಿ. ಇನ್ನೂ ದೊಡ್ಡದು ಹಾಕಿದರೆ ಐಡ್ಲಿಂಗಿನಲ್ಲಿ ಇಂಜೆಕ್ಟರ್ ತೆರೆಯುವ ಹೊತ್ತು ತೀರಾ ಚಿಕ್ಕದಾಗಿ ಹತೋಟಿ ತಪ್ಪುತ್ತದೆ.

ಐಸಿನ್_ಭಕ್ತ

ಜೆಟ್ ಬದಲಿಸಲು ಐದು ನಿಮಿಷ ಸಾಕು ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಸ್ಮಾಗ್_ಸಂಕಟ (ಫ್ರೀಮಾಂಟ್)

ಒಂದು ಸಣ್ಣ ಎಚ್ಚರಿಕೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ (ಹೊಗೆ ಮಾಲಿನ್ಯ) ತಪಾಸಣೆ ಇಲ್ಲ. 1976ರಿಂದ ಈಚಿನದಕ್ಕೆ ಇದೆ. ನಿಮ್ಮದು 1977. ಇಲ್ಲಿಗೆ ಮನೆ ಬದಲಿಸುವ ಯೋಚನೆ ಇದ್ದರೆ ಕಿಟ್ಟಿಗೆ ರಾಜ್ಯದ ವಾಯುಮಂಡಳಿಯ ವಿನಾಯಿತಿ ಸಂಖ್ಯೆ ಇದೆಯೇ ನೋಡಿಕೊಳ್ಳಿ.

ಕೆಂಪುಕ್ರೂಸರ್

ಸೋರಿಕೆ ಸಿಕ್ಕಿತು. ಹೇಗೆ ಹುಡುಕಿದೆ ಎಂದು ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ಗ್ಯಾರೇಜಿನ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಎಳೆಯುವ ಬಾಯಿಂದ ತೆಗೆದು ಊದುವ ಬಾಯಿಗೆ ಸಿಕ್ಕಿಸಿದೆ. ಇನ್ನೊಂದು ತುದಿಯನ್ನು ಹಳೆಯ ಟವೆಲ್ ಸುತ್ತಿ ಸೈಲೆನ್ಸರಿನ ಬಾಯಿಗೆ ತುರುಕಿದೆ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಮ್ಯಾನಿಫೋಲ್ಡಿನ ಉದ್ದಕ್ಕೂ ಹೊಡೆಯುತ್ತಾ ಬಂದೆ. ನಡುವೆ ಏನೂ ಇಲ್ಲ. ಕೊನೆಯ ಸಿಲಿಂಡರಿನ ಹತ್ತಿರ, ಬಲ್ಕ್‌ಹೆಡ್ ಪಕ್ಕದಲ್ಲಿ, ಕೈ ಹೋಗದ ಕಡೆ ಕನ್ನಡಿ ಹಿಡಿದು ನೋಡಿದರೆ ಪ್ಯಾಕಿಂಗಿನ ಕೆಳ ಅಂಚಿನಿಂದ ನೊರೆ ದ್ರಾಕ್ಷಿ ಗೊಂಚಲಿನಂತೆ ಉಕ್ಕಿ ಬರುತ್ತಿತ್ತು. ಅಲ್ಲಿನ ಬೋಲ್ಟ್ ಬಿಗಿಯಾಗಿಯೇ ಇತ್ತು. ಒಂದು ಫೀಲರ್ ಗೇಜ್ ತೂರಿಸಿದೆ, 0.3 ಮಿಲಿಮೀಟರಿನ ಎಲೆ ಸರಾಗವಾಗಿ ಒಳಗೆ ಹೋಯಿತು. ಸುತ್ತಲೂ ಹೆಡ್ಡಿನ ಮೇಲೆ ಬೂದು ಬಣ್ಣದ ಮಸಿಯ ಗೆರೆ ಇದೆ. ಟ್ಯಾಪೆಟ್ ಸದ್ದು ಎಂದಿದ್ದು ಇದೇ ಇರಬೇಕು.

ಹೊಸ ಪ್ಯಾಕಿಂಗ್ ಹಾಕಿ ಬಿಗಿದರೆ ಸಾಕೇ?

ಲೇತ್_ಕೈ

ಸಾಲದು. ಬಾಗಿದ್ದನ್ನು ಬೋಲ್ಟಿನಿಂದ ಎಳೆದು ಕೂರಿಸಿದರೆ ಎರಕದ ಕಿವಿ ಮುರಿಯುತ್ತದೆ, ಇಲ್ಲವೇ ನಾಲ್ಕು ತಿಂಗಳಿಗೆ ಮತ್ತೆ ಟಿಕ್ ಟಿಕ್.

ಎರಡೂ ಮ್ಯಾನಿಫೋಲ್ಡ್ ಇಳಿಸಿ. ಬೇರೆ ಬೇರೆ ಮಾಡಿ ಫೇಸಿಂಗಿಗೆ ಕೊಡಬೇಡಿ. ನಡುವಿನ ಪ್ಯಾಕಿಂಗ್ ಹೊಸದು ಹಾಕಿ, ಎರಡನ್ನೂ ಜೋಡಿಸಿ ಬಿಗಿದು, ಜೋಡಿಯಾಗಿಯೇ ಮೆಷಿನ್ ಅಂಗಡಿಗೆ ಕೊಟ್ಟು ಹೆಡ್ಡಿನ ಕಡೆಯ ಮುಖವನ್ನು ಒಂದೇ ಸಮತಲಕ್ಕೆ ತರಿಸಿ. ಬೇರೆ ಬೇರೆಯಾಗಿ ಮಾಡಿಸಿದರೆ ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ಒಂದೇ ಪ್ಯಾಕಿಂಗ್ ಎರಡು ಮಟ್ಟವನ್ನು ಹಿಡಿಯಲಾರದು. ಹೆಡ್ಡಿನ ಮುಖದ ಮೇಲೂ ಉಕ್ಕಿನ ಪಟ್ಟಿ ಇಟ್ಟು ನೋಡಿ.

ಕೂರಿಸುವಾಗ ಎರಡನ್ನೂ ಜೋಡಿಸುವ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಹೆಡ್ಡಿಗೆ ಮೆಲ್ಲಗೆ ಒತ್ತಿ ನಿಲ್ಲುವಷ್ಟು ಬಿಗಿದು, ಆಮೇಲೆ ಜೋಡಣೆಯ ಬೋಲ್ಟ್ ಬಿಗಿಯಿರಿ. ಕೊನೆಗೆ ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ ಪೂರ್ತಿ ಬಿಗಿಯಿರಿ. ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಇಷ್ಟು ದಿನ ನಡೆದಿತ್ತು. ಮ್ಯಾನಿಫೋಲ್ಡ್ ಸೋರಿದರೆ ಕೋಷ್ಟಕ ತಿದ್ದಿ ಏನು ಫಲ?

ಓಮ್ನಿಯಮ

ಮ್ಯಾನಿಫೋಲ್ಡ್ ಬಿಚ್ಚಿರುವಾಗಲೇ ಇನ್ನೂ ಕೆಲವು ನೋಡಿಬಿಡಿ. 12.9 ವೋಲ್ಟ್ ನನಗೆ ಹಿಡಿಸಲಿಲ್ಲ. ಎಂಜಿನ್ ನಡೆಯುತ್ತಿದ್ದರೆ 13.8ಕ್ಕೂ ಮೇಲಿರಬೇಕು. ಇಸಿಯುವಿನ ಮುಖ್ಯ ಪ್ಲಸ್ ಮತ್ತು ಮೈನಸ್ ತಂತಿಗಳೆರಡೂ ನೇರವಾಗಿ ಬ್ಯಾಟರಿಯ ಕಂಬಕ್ಕೆ ಹೋಗಬೇಕು. ಹಳೆಯ ಫ್ಯೂಸ್ ಪೆಟ್ಟಿಗೆಯಿಂದ ಎಳೆಯಬಾರದು, ಗಾಡಿಯ ಮೈಗೆ ಅರ್ತ್ ಕೊಟ್ಟು ಬಿಡಬಾರದು. ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆಯಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಐಡ್ಲಿಂಗಿನಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಪ್ಲಗ್ ತಂತಿ ಯಾವುದು? ಒಳಗೆ ತಾಮ್ರದ ಗಟ್ಟಿ ತಂತಿ ಇದ್ದರೆ ಈಗಲೇ ಬಿಸಾಡಿ. ಸುರುಳಿ ತಂತಿಯ, ರೇಡಿಯೋ ಗದ್ದಲ ತಡೆಯುವ ಬಗೆಯದು ಬೇಕು. ಮಲೆನಾಡಿನವರು ನೋಡಿದ 6,000 ಆರ್‌ಪಿಎಂ ಇದೇ ಗದ್ದಲ. ಇಸಿಯುವಿನ ತಂತಿಗಳನ್ನು ಕಾಯಿಲ್ ಮತ್ತು ಡಿಸ್ಟ್ರಿಬ್ಯೂಟರ್ ಹತ್ತಿರ ಸುಳಿಯಗೊಡಬೇಡಿ.

ಆಕ್ಸಿಜನ್ ಸೆನ್ಸರ್ ಪೈಪಿನ ಮೇಲ್ಭಾಗದಲ್ಲಿರಲಿ, ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ವಾಲಿರಲಿ. ಕೆಳಗೆ ಹಾಕಿದರೆ ಬೆಳಗಿನ ನೀರ ಹನಿ ಕಾದ ಸೆರಾಮಿಕ್ ಮೇಲೆ ಬಿದ್ದು ಅದು ಬಿರಿಯುತ್ತದೆ. ಹೊಳೆ ದಾಟುವ ಗಾಡಿಗಳಲ್ಲಂತೂ ಇದು ಮುಖ್ಯ. ಮತ್ತೊಂದು ಮಾತು: ಸೆನ್ಸರನ್ನು ಪೈಪಿನಲ್ಲಿ ಬಿಟ್ಟು ಅದರ ವಿದ್ಯುತ್ ತೆಗೆದು ಗಾಡಿ ಓಡಿಸಬೇಡಿ. ಒಳಗಿನ ಹೀಟರ್ ಕೆಲಸ ಮಾಡದಿದ್ದರೆ ಮಸಿ ಕಟ್ಟಿ ಸತ್ತುಹೋಗುತ್ತದೆ.

ಕೆಂಪುಕ್ರೂಸರ್

ಮ್ಯಾನಿಫೋಲ್ಡ್ ಜೋಡಿಯಾಗಿ ಫೇಸಿಂಗ್ ಆಗಿ ಬಂತು, ಕೂರಿಸಿದೆ. ಸೋಪಿನ ಪರೀಕ್ಷೆಯಲ್ಲಿ ಒಂದು ಗುಳ್ಳೆಯೂ ಇಲ್ಲ. ಬ್ಯಾಟರಿಗೆ ನೇರ ತಂತಿ ಎಳೆದೆ, ಆಲ್ಟರ್ನೇಟರಿನ ತುಕ್ಕು ಹಿಡಿದ ಅರ್ತ್ ಪಟ್ಟಿ ಬದಲಿಸಿದೆ, ಈಗ 14.1 ವೋಲ್ಟ್. ಕಲಿತದ್ದನ್ನೆಲ್ಲ ಅಳಿಸಿ ಮೂಲ ಕೋಷ್ಟಕದಿಂದ ಶುರು ಮಾಡಿದೆ. ಐಡ್ಲಿಂಗಿನಲ್ಲಿ ತಿದ್ದುಪಡಿ ಶೇ 3ರ ಆಚೀಚೆ. ಐಡಲ್ ವಾಲ್ವ್ ಶೇ 6. ಮುಳ್ಳು 700ರಲ್ಲಿ ನಿಂತಿದೆ. ಪ್ಲಗ್ಗುಗಳು ಕಂದು ಬಣ್ಣಕ್ಕೆ ತಿರುಗಿವೆ.

ಬಿಸಿಯಲ್ಲಿ ಎಬ್ಬಿಸುವ ತೊಂದರೆ ಮಾತ್ರ ಹಾಗೆಯೇ ಇದೆ. ಏಳುತ್ತದೆ, ಹತ್ತು ಹದಿನೈದು ಸೆಕೆಂಡು ತತ್ತರಿಸಿ ಆರುತ್ತದೆ. ಎರಡನೆಯ ಸಲಕ್ಕೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಗಾಳಿಯ ಉಷ್ಣತೆ 70 ಡಿಗ್ರಿ ತೋರಿಸುತ್ತದೆ.

ಓಮ್ನಿಯಮ

ಉತ್ತರ ಆ 70ರಲ್ಲೇ ಇದೆ. ಎಂಜಿನ್ ಆರಿಸಿದ ಮೇಲೆ ಕೆಳಗಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಶಾಖವೆಲ್ಲ ಮೇಲೇರಿ ಥ್ರಾಟಲ್ ಬಾಡಿಯ ಲೋಹವನ್ನು ಕಾಯಿಸುತ್ತದೆ. ಸೆನ್ಸರ್ ಲೋಹದ ಶಾಖವನ್ನು ಓದಿ ಗಾಳಿಯೇ ಅಷ್ಟು ಬಿಸಿ ಎಂದು ಹೇಳುತ್ತದೆ. ಬಿಸಿ ಗಾಳಿ ತೆಳು, ಆದ್ದರಿಂದ ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ನಿಜವಾದ ಗಾಳಿ 40 ಡಿಗ್ರಿ ಇದ್ದು ಸೆನ್ಸರ್ 70 ಎಂದರೆ ಲೆಕ್ಕದಲ್ಲಿ ಸುಮಾರು ಶೇ 9 ಕೊರತೆ. ಆಕ್ಸಿಜನ್ ಸೆನ್ಸರ್ ಇನ್ನೂ ಬಿಸಿಯಾಗುತ್ತಿರುವುದರಿಂದ ತಿದ್ದಲು ಯಾರೂ ಇಲ್ಲ.

ಮೊದಲು ಇದು ಆವಿಯ ತೊಂದರೆಯಲ್ಲ ಎಂದು ಖಚಿತಪಡಿಸಿಕೊಳ್ಳಿ. ಎತ್ತರದಲ್ಲಿ ಪೆಟ್ರೋಲ್ ಬೇಗ ಕುದಿಯುತ್ತದೆ. ಚಳಿಗಾಲಕ್ಕೆಂದು ಬೆರೆಸಿದ್ದು ಉಳಿದಿದ್ದರೆ ಇನ್ನೂ ಬೇಗ. ಬಿಸಿಯಿದ್ದಾಗ ಕೀ ಹಾಕಿ, ಪಂಪಿನ ಸದ್ದು ನಿಂತ ಮೇಲೆ ಆರಿಸಿ, ಮತ್ತೊಮ್ಮೆ ಹಾಕಿ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಸರಾಗವಾಗಿ ನಿಂತರೆ ಲೈನಿನಲ್ಲಿ ಆವಿ ಇತ್ತು ಎಂದರ್ಥ. ಪಂಪು ಮತ್ತು ಫಿಲ್ಟರನ್ನು ಎಕ್ಸಾಸ್ಟಿನಿಂದ ದೂರ ಸರಿಸಬೇಕು. ವ್ಯತ್ಯಾಸವಾಗದಿದ್ದರೆ ಗಾಳಿಯ ಸೆನ್ಸರಿನದೇ ತಪ್ಪು.

ಕೆಂಪುಕ್ರೂಸರ್

ವ್ಯತ್ಯಾಸವಾಗಲಿಲ್ಲ. ಒತ್ತಡದ ಗೇಜೂ 58ರಿಂದ ಅಲುಗಲಿಲ್ಲ.

ಓಮ್ನಿಯಮ

ಹಾಗಾದರೆ ಈಗ ಕೋಷ್ಟಕಕ್ಕೆ ಕೈ ಹಾಕಬಹುದು. ಎಂಜಿನ್ ಹೊತ್ತಿದ ಮೇಲೆ ಕೆಲವು ಸೆಕೆಂಡು ಹೆಚ್ಚು ಕೊಡುವ ಕೋಷ್ಟಕ ಇದೆಯಲ್ಲ, ಅದರಲ್ಲಿ ನೀರು 80 ಡಿಗ್ರಿಗಿಂತ ಮೇಲಿನ ಮನೆಗಳಲ್ಲಿ ಸಾಮಾನ್ಯವಾಗಿ ಸೊನ್ನೆ ಇರುತ್ತದೆ. ಅಲ್ಲಿ ಶೇ 10 ಹಾಕಿ, ಅರ್ಧ ನಿಮಿಷದಲ್ಲಿ ಕರಗುವಂತೆ ಮಾಡಿ. ಗಾಳಿಯ ಉಷ್ಣತೆಯ ಪ್ರಭಾವವನ್ನು ಐಡ್ಲಿಂಗಿನಲ್ಲಿ ತಗ್ಗಿಸಲು ಕಿಟ್ ಅವಕಾಶ ಕೊಟ್ಟರೆ ಅದು ಇನ್ನೂ ಒಳ್ಳೆಯದು. ಥ್ರಾಟಲ್ ಬಾಡಿಯ ಕೆಳಗೆ ಶಾಖ ತಡೆಯುವ ಫಿನಾಲಿಕ್ ಸ್ಪೇಸರ್ ಹಾಕಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮಲೆನಾಡ_ಹರಿಕೇನ್

ಓಮ್ ಅವರೇ, ಲ್ಯಾಂಬ್ಡಾ ಮಾತು ಕೇಳಿ ಕೆಲಸ ಸುಗಮವಾಯಿತು, ಗುರಿ ಹಾಗೆಯೇ ಇಟ್ಟು ಕೋಷ್ಟಕ ಏರಿಸಿದೆ. ಈಗ ಇನ್ನೊಂದು ತಲೆನೋವು. ತೋಟದ ರಸ್ತೆಯಲ್ಲಿ ಕಲ್ಲು ಹತ್ತುವಾಗ ಜೀಪು ಮುಗ್ಗರಿಸುತ್ತದೆ. ಟಾರು ರಸ್ತೆಯಲ್ಲಿ ಏನೂ ಇಲ್ಲ. ಇಂಧನದ ಪೈಪಿನ ಬಗ್ಗೆಯೂ ಹೇಳಿ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಎಲ್ಲ ರಬ್ಬರೂ ಒಂದೇ ಎಂದು ಕೊಡುತ್ತಾರೆ.

ಓಮ್ನಿಯಮ

ರಬ್ಬರ್ ಒಂದೇ ಅಲ್ಲ. ಪೈಪಿನ ಮೈಮೇಲೆ ಮುದ್ರೆ ಓದಿ. ಎಸ್‌ಎಇ 30ಆರ್7 ಎಂದಿದ್ದರೆ ಅದು ಕಾರ್ಬುರೇಟರಿನ ಕಡಿಮೆ ಒತ್ತಡಕ್ಕೆ. ಇಂಜೆಕ್ಷನ್ನಿಗೆ 30ಆರ್9 ಬೇಕು, ಪಟ್ಟಿಯ ಅಂಚು ರಬ್ಬರನ್ನು ಕತ್ತರಿಸದ, ಸುತ್ತಲೂ ಸಮನಾಗಿ ಹಿಡಿಯುವ ಇಂಜೆಕ್ಷನ್ ಕ್ಲಾಂಪ್ ಬೇಕು. ಮುದ್ರೆ ಇಲ್ಲದ ಪೈಪನ್ನು ಮುಟ್ಟಬೇಡಿ. 58 ಪಿಎಸ್‌ಐ ಒತ್ತಡದಲ್ಲಿ ಬಿರುಕು ಬಿಟ್ಟರೆ ಬಿಸಿ ಮ್ಯಾನಿಫೋಲ್ಡಿನ ಮೇಲೆ ಕಾರಂಜಿಯಾಗುತ್ತದೆ. ಗಾಡಿ ಮಗುಚಿದಾಗ ಪಂಪು ಕಡಿಯುವ ಸ್ವಿಚ್ಚನ್ನೂ ಹಾಕಿಸಿ.

ಕಲ್ಲಿನ ಮೇಲೆ ಮುಗ್ಗರಿಸಲು ಕಾರಣ ನಿಮ್ಮ ಕಾಲು. ಗಾಡಿ ಕುಲುಕಿದಾಗ ಪಾದವೂ ಪೆಡಲಿನ ಮೇಲೆ ಕುಣಿಯುತ್ತದೆ. ಇಸಿಯು ಪ್ರತಿ ಕುಣಿತವನ್ನೂ ರೇಸ್ ಎಂದು ತಿಳಿದು, ಕಾರ್ಬುರೇಟರಿನ ಪಂಪ್ ಜೆಟ್ಟಿನ ಹಾಗೆ ಒಂದೊಂದು ಗುಟುಕು ಹೆಚ್ಚು ಸುರಿಯುತ್ತದೆ. ನಿಧಾನ ಆರ್‌ಪಿಎಂನಲ್ಲಿ ನಾಲ್ಕು ಗುಟುಕು ಒಟ್ಟಿಗೆ ಬಿದ್ದರೆ ಎಂಜಿನ್ ಉಸಿರುಗಟ್ಟುತ್ತದೆ. ಥ್ರಾಟಲ್ ಎಷ್ಟು ವೇಗವಾಗಿ ಚಲಿಸಿದರೆ ಈ ಹೆಚ್ಚುವರಿ ಶುರುವಾಗಬೇಕು ಎಂಬ ಹೊಸ್ತಿಲು ಇದೆ, ಅದನ್ನು ಏರಿಸಿ. ದಾಖಲೆ ತೆಗೆದು ನೋಡಿ, ಕಾಲಿನ ಕುಲುಕು ಎಷ್ಟೆಂದು ಅಂಕಿಯಲ್ಲೇ ಕಾಣುತ್ತದೆ. ಹೊಸ್ತಿಲು ಅದಕ್ಕಿಂತ ತುಸು ಮೇಲಿರಲಿ. ಲೋ ಗೇರಿನಲ್ಲಿ ತೆವಳುವಾಗ ಕಲಿಕೆಯನ್ನು ಆರಿಸಿಡಿ.

ಲೇತ್_ಕೈ

ಕ್ರೂಸರ್ ಅವರದು 1977 ಎಂದರೆ ಟ್ಯಾಂಕ್ ಪಕ್ಕದ ಸೀಟಿನ ಕೆಳಗಿರುತ್ತದೆ. ಕಡಿದಾದ ಏರಿನಲ್ಲಿ, ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ, ಹೀರುವ ಕೊಳವೆ ಗಾಳಿ ಕುಡಿಯುತ್ತದೆ. ಕಾರ್ಬುರೇಟರಿಗೆ ಫ್ಲೋಟ್ ಬಟ್ಟಲಿನ ದಾಸ್ತಾನು ಇತ್ತು, ಇಂಜೆಕ್ಟರಿಗೆ ಆ ದಾಸ್ತಾನು ಇಲ್ಲ. ಒಂದು ಲೀಟರಿನ ಸಣ್ಣ ಸರ್ಜ್ ಟ್ಯಾಂಕ್ ನಡುವೆ ಇಡಿ.

ಐಸಿನ್_ಭಕ್ತ

ಫ್ಲೋಟ್ ಬಟ್ಟಲಿನ ಗುಣವನ್ನು ಕೊನೆಗೂ ಒಬ್ಬರು ಒಪ್ಪಿದರು.

ಲೇತ್_ಕೈ

ಅದೇ ಬಟ್ಟಲು ಮೂವತ್ತು ಡಿಗ್ರಿ ವಾಲಿದರೆ ಪೆಟ್ರೋಲನ್ನೆಲ್ಲ ಇನ್‌ಟೇಕಿಗೆ ಚೆಲ್ಲಿ ಗಾಡಿ ಆರುತ್ತದೆ ಎಂಬುದನ್ನೂ ಒಪ್ಪಿ, ರಾಯರೇ.

ಕೆಂಪುಕ್ರೂಸರ್

ಬಿಸಿಯಲ್ಲಿ ಎಬ್ಬಿಸುವುದು ಸರಿಹೋಯಿತು. ಶೇ 10 ಹೆಚ್ಚಾಯಿತು, 7ರಲ್ಲಿ ನಿಲ್ಲಿಸಿದ್ದೇನೆ. ಸ್ಪೇಸರ್ ತರಿಸಿದ್ದೇನೆ. ಕಾಲಿನ ಕುಲುಕಿನ ಹೊಸ್ತಿಲನ್ನೂ ಏರಿಸಿದೆ.

ಮುಂದಿನ ಯೋಜನೆ ಕೊಲರಾಡೋದ ಇಮೋಜೀನ್ ಪಾಸ್ ಎಂಬ ಬೆಟ್ಟದ ಕಣಿವೆದಾರಿ, 13,114 ಅಡಿ. ಅಲ್ಲಿಂದ ಯೂಟಾದ ಮೋಆಬ್‌ಗೆ ಇಳಿಯುವ ಆಸೆ. ಡೆನ್ವರಿನಲ್ಲಿ ಕಲಿತ ಕೋಷ್ಟಕ ಅಲ್ಲಿ ನಡೆಯುತ್ತದೆಯೇ?

ಓಮ್ನಿಯಮ

ಮೇಲಕ್ಕೆ ಹೋಗಲು ಭಯವಿಲ್ಲ. ಇಮೋಜೀನ್ ತಲೆಯ ಮೇಲೆ ಹೊರಗಿನ ಒತ್ತಡ 62 ಕಿಲೋಪ್ಯಾಸ್ಕಲ್ಲಿನ ಆಸುಪಾಸು. ಪೆಡಲನ್ನು ನೆಲಕ್ಕೆ ಒತ್ತಿದರೂ ಮ್ಯಾಪ್ 62 ದಾಟದು. ಕೋಷ್ಟಕದಲ್ಲಿ ಮ್ಯಾಪ್ ಒತ್ತಡಕ್ಕೊಂದು ಸಾಲು ಇರುತ್ತದೆ, 62ರವರೆಗಿನ ಆ ಸಾಲುಗಳನ್ನೆಲ್ಲ ನೀವು ಡೆನ್ವರಿನಲ್ಲಿ ಅರ್ಧ ಥ್ರಾಟಲಿನಲ್ಲೇ ಓಡಿಸಿ ಕಲಿಸಿದ್ದೀರಿ. ಶಕ್ತಿ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದಿರುತ್ತದೆ, ಅದಕ್ಕೆ ಟ್ಯೂನಿಂಗಿನಲ್ಲಿ ಮದ್ದಿಲ್ಲ, ಗೇರ್ ಇಳಿಸಿ. ಒಂದೇ ಎಚ್ಚರಿಕೆ: ಹೊರಗಿನ ಒತ್ತಡವನ್ನು ನಿಮ್ಮ ಇಸಿಯು ಕೀ ಹಾಕಿದಾಗ ಮಾತ್ರ ಓದುವ ಬಗೆಯದಾದರೆ, ಗಂಟೆಗಟ್ಟಲೆ ಏರಿದ ಮೇಲೆ ಒಮ್ಮೆ ನಿಲ್ಲಿಸಿ ಕೀ ತಿರುಗಿಸಿ.

ಕೆಳಕ್ಕೆ ಇಳಿಯುವಾಗಲೇ ನೋಡಿಕೊಳ್ಳಬೇಕು. ಮೋಆಬ್ ಸುಮಾರು 4,000 ಅಡಿ, ಅಲ್ಲಿ ಮ್ಯಾಪ್ 87ರವರೆಗೆ ಹೋಗುತ್ತದೆ. ನಿಮ್ಮ ಕೋಷ್ಟಕದಲ್ಲಿ 83ರ ಮೇಲಿನ ಸಾಲುಗಳನ್ನು ಎಂಜಿನ್ ಇದುವರೆಗೆ ಮುಟ್ಟಿಯೇ ಇಲ್ಲ, ಕಿಟ್ ಬರೆದು ಕಳಿಸಿದ ಅಂದಾಜು ಹಾಗೆಯೇ ಕೂತಿದೆ. ಕಲಿಕೆಯಿಂದ ಕೆಳಗಿನ ಸಾಲುಗಳು ಶೇ 8 ಏರಿದ್ದರೆ ಮೇಲಿನವನ್ನೂ ಕೈಯಿಂದ ಅಷ್ಟೇ ಏರಿಸಿ, ನಡುವೆ ಮೆಟ್ಟಿಲು ಉಳಿಯದಂತೆ ನಯಗೊಳಿಸಿ. ಪೂರ್ತಿ ಥ್ರಾಟಲಿನ ಗುರಿ 12.8 ಇರಲಿ. ಇನ್ನೊಂದು ವಿಷಯ: ಕೊಲರಾಡೋದ ಬಂಕುಗಳಲ್ಲಿ ಸಿಗುವ 85 ಆಕ್ಟೇನ್ ಪೆಟ್ರೋಲನ್ನು ತುಂಬಿಕೊಂಡು ತಗ್ಗಿಗೆ ಇಳಿಯಬೇಡಿ. ಗಾಳಿ ದಟ್ಟವಾದ ಕಡೆ, ಭಾರ ಹೊತ್ತು ಏರುವಾಗ ಅದು ಟಕಟಕ ನಾಕಿಂಗ್ ಕೊಡುತ್ತದೆ, ನಿಮ್ಮ ಟೈಮಿಂಗ್ ಹಳೆಯ ಡಿಸ್ಟ್ರಿಬ್ಯೂಟರಿನ ಕೈಯಲ್ಲಿರುವುದರಿಂದ ಇಸಿಯು ಅದನ್ನು ತಗ್ಗಿಸಲಾರದು. ಗ್ರಾಂಡ್ ಜಂಕ್ಷನ್ ತಲುಪುವ ಹೊತ್ತಿಗೆ ಟ್ಯಾಂಕಿನಲ್ಲಿ 87 ಇರಲಿ.

ಕೆಂಪುಕ್ರೂಸರ್

ಸಾಲುಗಳನ್ನು ತಿದ್ದಿ ಕಡತವನ್ನು ಇಲ್ಲಿ ಹಾಕುತ್ತೇನೆ, ಹೊರಡುವ ಮೊದಲು ಒಮ್ಮೆ ಕಣ್ಣಾಡಿಸಿ. ಸರ್ಜ್ ಟ್ಯಾಂಕಿಗೆ ಜಾಗ ಎಲ್ಲಿ ಎಂದು ಲೇತ್_ಕೈ ಅವರು ಹೇಳಿದರೆ ಅದನ್ನೂ ಈ ವಾರವೇ ಮುಗಿಸುತ್ತೇನೆ.

ಲೇತ್_ಕೈ

ಬಲಗಡೆಯ ಚಾಸಿ ರೈಲಿನ ಒಳಮುಖದಲ್ಲಿ, ಟ್ಯಾಂಕಿನ ತಳಕ್ಕಿಂತ ಕೆಳಗೆ. ಎಕ್ಸಾಸ್ಟ್ ಪೈಪ್ ಆ ಕಡೆ ಹಾದುಹೋಗದಿದ್ದರೆ ಮಾತ್ರ. ಫೋಟೋ ಹಾಕಿ, ನೋಡಿ ಹೇಳುತ್ತೇನೆ.